ಒಂದೇ ಸೂರಿನ ಪುರಾವೆ

ಅಕ್ಕನ ಮಗಳು ಕೆನಡಾದಲ್ಲಿ ಪರ್ಮನೆಂಟ್ ರೆಸಿಡೆಂಟ್. ಜೊತೆಗಿರೋ ಹುಡುಗ ನಮ್ಮ ಜಿಲ್ಲೆಯವನೇ, 'ಮೇಲ್ಜಾತಿ'. ಅವನ ವರ್ಕ್ ಪರ್ಮಿಟ್ ಮುಗಿಯೋಕೆ ಎರಡೇ ತಿಂಗಳು. ಫೈಲುಗಳ ನಡುವೆ ಬದುಕೋ ಗುಮಾಸ್ತ ಮಾವ ಅಂತ ನನಗೆ ಫೋನ್ ಮಾಡಿದ್ರು.

ಅಲ್ಲಿ ಮದುವೆ ಆಗಿರಲೇಬೇಕು ಅಂತಿಲ್ಲ. ಸಂಗಾತಿಗಳಾಗಿ ಸತತ 12 ತಿಂಗಳು ಒಟ್ಟಿಗೆ ಬಾಳಿದ್ದರೆ 'ಕಾಮನ್-ಲಾ' ಅಂತ ಸ್ಪಾನ್ಸರ್ ಮಾಡಬಹುದು. ಆದರೆ ಪುರಾವೆ ಬೇಕು: ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆ, ಬಲ್ಲವರ ಪತ್ರ.

ಎರಡು ವರ್ಷ ಒಂದೇ ಮನೇಲಿದ್ದವರ ಹತ್ತಿರ ಇದ್ಯಾವುದೂ ಇಲ್ಲ! ಕರಾರು ಅವಳ ಹೆಸರಲ್ಲಿ, ಅವನ ಬ್ಯಾಂಕ್ ವಿಳಾಸ ಗೆಳೆಯನ ಮನೆ. 'ಅಮ್ಮಂಗೆ ಗೊತ್ತಾದ್ರೆ ವಿಷ ಕುಡೀತಾಳೆ ಮಾವ' ಅಂದ. ಫಾರಂನಲ್ಲಿ ಜಾತಿ ಕಾಲಂ ಇಲ್ಲ. ಆದ್ರೂ ಪುರಾವೆ ನುಂಗಿದ್ದು ಜಾತಿಯೇ.

'ಮೊದಲು ಅಮ್ಮಂಗೆ ಹೇಳು' ಅಂದೆ. ಹೇಳಿದ. ಆಯಮ್ಮ ವಿಷ ಕುಡೀಲಿಲ್ಲ, ಫೋನ್ ಇಟ್ಟರು ಅಷ್ಟೇ. ಅವರ ಪತ್ರ ಬರಲಿಲ್ಲ. ನನ್ನದು ಹೋಯ್ತು, ಅಕ್ಕ ಹೆಬ್ಬೆಟ್ಟೊತ್ತಿದ ಪತ್ರ ಹೋಯ್ತು, ಕೊರಿಯರ್ ಚೀಟಿಗಳು, ಪಕ್ಕದ ಮನೆಯವರ ಪತ್ರ ಹೋದವು. ಪಿಆರ್ ಅರ್ಜಿ ಹಾಕಿದ ಮಾತ್ರಕ್ಕೆ ಪರ್ಮಿಟ್ ಮುಂದುವರಿಯಲ್ಲ. ಅದಕ್ಕೆ ಬೇರೆ ಅರ್ಜಿ, ಅದೂ ಗಡುವಿನೊಳಗೇ ಹೋಯ್ತು.

ಉತ್ತರ ಇನ್ನೂ ಬಂದಿಲ್ಲ. ಹುಡುಗರೇ, ಒಟ್ಟಿಗಿದ್ದೀರಾ? ಇವತ್ತೇ ಕರಾರಲ್ಲಿ ಇಬ್ಬರ ಹೆಸರೂ ಬರೆಸಿ.

ಜೈ ಭೀಮ್.