ಅದೇ ಸೀನು ಎರಡನೇ ಸಲ ಬಂದಾಗ

ಗೆಳೆಯರೇ, ಇವತ್ತು ಒಂದು ಕಾಮಿಡಿ ಸೀರಿಯಲ್ ಬಗ್ಗೆ ಬರೀತಿದ್ದೀನಿ. ಹೋರಾಟದ ಪೋಸ್ಟ್‌ಗಳ ಮಧ್ಯೆ ಇದೇನಪ್ಪ ಅನ್ನಬೇಡಿ, ಕೊನೆ ತನಕ ಓದಿ.

ಮಗಳು ಹೇಳಿದಳು ಅಂತ ಅಮೆರಿಕದ ‘ದಿ ಆಫೀಸ್’ ನೋಡಿದೆ. 2005ರಿಂದ 2013ರವರೆಗೆ ಎನ್‌ಬಿಸಿಯಲ್ಲಿ ಬಂದಿದ್ದು. ಸ್ಕ್ರಾಂಟನ್ ಅನ್ನೋ ಊರಲ್ಲಿ ಪೇಪರ್ ಮಾರೋ ಕಂಪನಿ, ಅದಕ್ಕೊಬ್ಬ ಬಾಯಿಬಡುಕ ಮ್ಯಾನೇಜರ್ ಮೈಕಲ್ ಸ್ಕಾಟ್. ಫೈಲುಗಳ ಮಧ್ಯೆ ಬದುಕೋ ಗುಮಾಸ್ತೆಗೆ ಅಲ್ಲಿರೋರೆಲ್ಲ ಪರಿಚಯದವರ ಥರಾನೇ ಕಂಡರು.

ಇಂಥ ಸೀರಿಯಲ್ ಬರೆಯೋರ ಹತ್ರ ಒಂದು ಉಪಾಯ ಇದೆ. ಮನುಷ್ಯ ಬದಲಾದ ಅಂತ ಯಾರ ಬಾಯಲ್ಲೂ ಹೇಳಿಸಲ್ಲ. ಹಳೇ ಸನ್ನಿವೇಶವನ್ನೇ ಮತ್ತೆ ತಂದು ನಿಲ್ಲಿಸ್ತಾರೆ. ಉಳಿದದ್ದೆಲ್ಲ ಹಾಗೇ ಇದ್ದಾಗ, ಬದಲಾಗಿದ್ದು ಮಾತ್ರ ಕಣ್ಣಿಗೆ ಬೀಳುತ್ತೆ.

ಮೊದಲ ಎಪಿಸೋಡ್ ನೋಡಿ. ಹೊಸದಾಗಿ ಬಂದ ಹುಡುಗನ ಮುಂದೆ ಜಂಬ ತೋರಿಸೋಕೆ ಮೈಕಲ್, ರಿಸೆಪ್ಶನಿಸ್ಟ್ ಪ್ಯಾಮ್ ಮೇಲೆ ಕಳ್ಳತನ ಹೊರಿಸಿ ಕೆಲಸದಿಂದ ತೆಗೆದ ಹಾಗೆ ನಾಟಕ ಆಡ್ತಾನೆ. ಅವಳು ಅತ್ತುಬಿಡ್ತಾಳೆ. 2007ರ ಒಂದು ಎಪಿಸೋಡಲ್ಲಿ ಪ್ಯಾಮ್ ಬಿಡಿಸಿದ ಚಿತ್ರಗಳ ಪ್ರದರ್ಶನ. ಬಂದವರೂ ಅಷ್ಟಕ್ಕಷ್ಟೇ. ಮೈಕಲ್ ಬರ್ತಾನೆ, ನಿಂತು ನೋಡ್ತಾನೆ, ಹೆಮ್ಮೆ ಆಗುತ್ತೆ ಅಂತಾನೆ, ಅವರದೇ ಆಫೀಸ್ ಕಟ್ಟಡದ ಚಿತ್ರ ಕೊಂಡ್ಕೋತಾನೆ. ಪ್ಯಾಮ್ ಅವನನ್ನು ತಬ್ಬಿಕೊಳ್ತಾಳೆ. ಅದೇ ಇಬ್ಬರು, ಮತ್ತೆ ಅವಳ ಕಣ್ಣಲ್ಲಿ ನೀರು. ಈ ಸಲ ಬಂದಿದ್ದು ಅವಮಾನದಿಂದ ಅಲ್ಲ.

ಇಲ್ಲಿಗೇ ಬಿಟ್ಟಿದ್ದರೆ ಒಳ್ಳೇ ಕಥೆ. ಆದರೆ 2008ರಲ್ಲಿ ಸ್ಟ್ಯಾನ್ಲಿ ಸರದಿ ಬರುತ್ತೆ. ಆತ ಕಪ್ಪು ಜನಾಂಗದ ಹಿರಿಯ ನೌಕರ. ಮೀಟಿಂಗಲ್ಲಿ ಪದಬಂಧ ತುಂಬ್ತಾ ಕೂತವನು ಎಲ್ಲರೆದುರು ತಿರುಗಿ ಮಾತಾಡಿದ. ಅವನಿಗೆ ಪಾಠ ಕಲಿಸೋಕೆ ಮೈಕಲ್ ತೆಗೆದಿದ್ದು ಅದೇ ಹಳೇ ಆಟ: ಕೆಲಸದಿಂದ ತೆಗೆದ ನಾಟಕ! ಸ್ಟ್ಯಾನ್ಲಿ ಅಳಲಿಲ್ಲ, ಗುಡುಗಿದ. ನಿನ್ನ ಮೇಲೆ ನನಗೆ ಗೌರವ ಇಲ್ಲ ಅಂತ ಮುಖಕ್ಕೇ ಹೇಳಿದ. ಕೊನೆಗೆ ಏನಾಯ್ತು? ಗೌರವ ಇಲ್ಲದಿದ್ದರೂ ಸರಿ, ನಾನು ಬಾಸ್, ಹಾಗೆ ಮಾತಾಡಬೇಡ ಅಂದ ಮೈಕಲ್. ಸ್ಟ್ಯಾನ್ಲಿ ಒಪ್ಪಿಕೊಂಡ. ತಪ್ಪು ಯಾರದು, ತಗ್ಗಿದ್ದು ಯಾರು?

ಅಂದ್ರೆ ಮೈಕಲ್ ಬೆಳೆದಿದ್ದು ಪ್ಯಾಮ್ ಎದುರಿಗೆ ಮಾತ್ರ. ಸ್ಟ್ಯಾನ್ಲಿ ಎದುರಿಗೆ ಅವನು ಇನ್ನೂ 2005ರಲ್ಲೇ ಇದ್ದ.

ಇದೇ ಸೀರಿಯಲ್ಲಿನ ಎರಡನೇ ಎಪಿಸೋಡಲ್ಲಿ ಮೈಕಲ್ ನೌಕರರ ಹಣೆಗೆ ಒಂದೊಂದು ಜನಾಂಗದ ಹೆಸರು ಬರೆದ ಚೀಟಿ ಅಂಟಿಸ್ತಾನೆ. ಹಣೆಯವನಿಗೆ ಕಾಣಲ್ಲ, ಎದುರಿನವನು ಅದನ್ನ ಓದಿ ನಡ್ಕೋಬೇಕು. ನಮ್ಮ ಆಫೀಸುಗಳಲ್ಲಿ ಚೀಟಿ ಬೇಕಿಲ್ಲ. “ನಿಮ್ಮ ಮನೆದೇವ್ರು ಯಾವ್ದು?” ಅಂತ ಕೇಳಿದರೆ ಸಾಕು.

ನಾನು ಕೆಲಸಕ್ಕೆ ಸೇರಿದ ವಾರ ಹಾಗೆ ಕೇಳಿದ್ದ ಹಿರಿಯರೊಬ್ಬರು ಈಗ ಏಪ್ರಿಲ್ 14ಕ್ಕೆ ತಾವೇ ಹಾರ ತರ್ತಾರೆ, ಸಂವಿಧಾನದ ಬಗ್ಗೆ ಚೆನ್ನಾಗೇ ಮಾತಾಡ್ತಾರೆ. ನನಗೂ ಖುಷಿನೇ. ಮೊನ್ನೆ ಹೊಸ ಹುಡುಗಿ ಕೆಲಸಕ್ಕೆ ಸೇರಿದಳು. ಕಾಫಿ ಕುಡೀತಾ ಅವರು ಮೆಲ್ಲಗೆ, “ಏನಮ್ಮ, ಮನೆದೇವ್ರು ಯಾವ್ದು?” ನಾನು ಪಕ್ಕದಲ್ಲೇ ಇದ್ದೆ. “ಸಾರ್, ಅವಳು ಬಂದಿರೋದು ಫೈಲ್ ನೋಡೋಕೆ” ಅಂದೆ. ಅವರು ಲೋಟ ಇಟ್ಟು ಎದ್ದುಹೋದರು.

ಅದಕ್ಕೇ ಹೇಳ್ತೀನಿ. ಬದಲಾಗಿದ್ದೀನಿ ಅನ್ನೋರನ್ನು ಭಾಷಣದಲ್ಲಿ ಅಳೀಬೇಡಿ, ನಿಮ್ಮ ಜೊತೆ ಹೇಗಿದ್ದಾರೆ ಅಂತಾನೂ ಅಳೀಬೇಡಿ. ನೀವೀಗ ಗಟ್ಟಿಯಾಗಿದ್ದೀರಿ, ನಿಮಗೆ ಹೆದರ್ತಾರೆ. ಅದೇ ಸೀನು ಮತ್ತೆ ಬರಲಿ, ಎದುರಿಗೆ ನಿಮಗಿಂತ ದನಿ ಕಡಿಮೆ ಇರೋರು ಕೂತಿರಲಿ. ಆಗ ನೋಡಿ.

ಜೈ ಭೀಮ್.