ಕೂಟಲೇಖಕ್ರಿಯೆ ಮತ್ತು ನನ್ನ ಸೋದರಳಿಯನ ಕಂಪನಿ

2024ರ ದಶಲಕ್ಷಣ ಪರ್ವದ ದಿನಗಳಲ್ಲಿ ಸೋದರಳಿಯನು ಹಾನಗಲ್ಲಿನ ನಮ್ಮ ಮನೆಗೆ ಬಂದು ಒಂದು ಪತ್ರದ ಮೇಲೆ ನನ್ನ ರುಜು ಬೇಡಿದನು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಅವನು, ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ರೈತರಿಂದ ಗೋವಿನಜೋಳವನ್ನು ನೇರವಾಗಿ ಕೊಂಡು ಕೋಳಿ ಆಹಾರ ತಯಾರಿಸುವವರಿಗೆ ಒದಗಿಸುವ ಕಂಪನಿಯೊಂದನ್ನು ಕಟ್ಟಿದ್ದಾನೆ. ಇಂಥವನ್ನು ಈಗ ಸ್ಟಾರ್ಟಪ್ ಎನ್ನುತ್ತಾರೆ. ನನ್ನ ನಿವೃತ್ತಿಯ ಹಣದಲ್ಲಿ ಆರು ಲಕ್ಷ ರೂಪಾಯಿ ಅದರಲ್ಲಿದೆ. ನಿರ್ದೇಶಕರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಪತ್ರವು ಬೆಂಗಳೂರಿನ ಹೂಡಿಕೆದಾರರಿಗೆ ಹೋಗತಕ್ಕದ್ದು. ‘ನಮ್ಮೊಡನೆ ವ್ಯವಹರಿಸುತ್ತಿರುವ ರೈತರು 4,200’ ಎಂದು ಅದರಲ್ಲಿತ್ತು. ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವನಿಗೆ ಲೆಕ್ಕ ತಿರುವಿ ನೋಡುವ ಚಟ ಹೋಗುವುದಿಲ್ಲ. ಹಿಂದಿನ ಹಂಗಾಮಿನಲ್ಲಿ ಮಾಲು ಕೊಟ್ಟವರು 930 ಮಂದಿ. ಉಳಿದವರು ಮೊಬೈಲಿನಲ್ಲಿ ಹೆಸರು ನೋಂದಾಯಿಸಿ ಸುಮ್ಮನಾದವರು.

“ಮಾಮಾ, ಎಲ್ಲಾರೂ ಹಿಂಗ ಬರೀತಾರ. ನೋಂದಣಿ ಅಂತೂ ಅಷ್ಟು ಅದಾವಲ್ಲ, ಸುಳ್ಳೇನಲ್ಲ” ಎಂದನು.

ಅವನು ಅಪ್ರಾಮಾಣಿಕನಲ್ಲ. ತೇವಾಂಶ ಅಳೆಯುವ ಯಂತ್ರವನ್ನು ರೈತನ ಕಣ್ಣೆದುರೇ ಇಟ್ಟು ಅಂಕಿ ತೋರಿಸುತ್ತಾನೆ. ತೂಕದಲ್ಲಿ ಅನ್ಯಾಯದ ಕಡಿತವಿಲ್ಲ. ಎರಡು ದಿನಗಳೊಳಗೆ ರೊಕ್ಕ ಮುಟ್ಟುತ್ತದೆ. ಶಿಗ್ಗಾಂವದ ಅವನ ಕಚೇರಿಯ ಗೋಡೆಯ ಮೇಲೆ ‘ಪ್ರಾಮಾಣಿಕತೆ, ಪಾರದರ್ಶಕತೆ, ರೈತನೇ ಮೊದಲು’ ಎಂದು ಬರೆಯಿಸಿದ್ದಾನೆ. ಆ ಊರಿನಲ್ಲಿ ಹಾಗೆ ಬರೆಯಿಸುವುದು ಸಹಜವೂ ಹೌದು. 1950ರಲ್ಲಿ ಶಿಗ್ಗಾಂವದಲ್ಲಿ ಜನಿಸಿದ ಸುಧಾ ಮೂರ್ತಿಯವರು ಕೂಡಿಟ್ಟಿದ್ದ ಹತ್ತು ಸಾವಿರ ರೂಪಾಯಿಗಳಿಂದಲೇ 1981ರಲ್ಲಿ ಇನ್ಫೋಸಿಸ್ ಆರಂಭವಾಯಿತೆಂಬ ಸಂಗತಿಯನ್ನು ಅಲ್ಲಿನ ತರುಣರೆಲ್ಲ ಬಲ್ಲರು. ಆದರೆ ಬಡವನಿಗೆ ಮೋಸ ಮಾಡಬಾರದೆಂಬ ವ್ರತವು ಧನಿಕನ ಎದುರು ಸಡಿಲವಾಗಬಹುದೆಂಬ ಭಾವನೆ ನಮ್ಮೊಳಗೆ ಹೇಗೋ ಸೇರಿಕೊಂಡಿದೆ. ಹೂಡಿಕೆದಾರನು ಕೋಟ್ಯಧೀಶ, ಅವನಿಗೇನು ನಷ್ಟ ಎಂಬ ಮಾತು!

ನನಗೆ ಸತ್ಯಂ ಕಂಪನಿ ನೆನಪಾಯಿತು. ಉತ್ತಮ ಆಡಳಿತಕ್ಕೆಂದು 2008ರಲ್ಲಿ ಪ್ರಶಸ್ತಿ ಪಡೆದ ಆ ಸಂಸ್ಥೆಯ ಅಧ್ಯಕ್ಷ ರಾಮಲಿಂಗ ರಾಜು ಅವರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ವಾಸ್ತವದಲ್ಲಿ ಇಲ್ಲವೆಂದು ಒಪ್ಪಿಕೊಂಡರು. ಮೊದಲು ಅಲ್ಪವಾಗಿದ್ದ ಅಂತರವೇ ವರುಷ ವರುಷಕ್ಕೆ ಬೆಳೆಯಿತೆಂದೂ ತಿಳಿಸಿದ್ದರು. 930 ಮತ್ತು 4,200ರ ನಡುವಿನ ಅಂತರವು ಮುಂದಿನ ವರ್ಷ ಎಷ್ಟಾಗಬೇಕಾಗುತ್ತಿತ್ತು? ಹಿರೇಕೆರೂರಿನಲ್ಲಿ ದಪ್ತರ ಬರೆಯುವ ಹುಡುಗಿಗೆ ನಿಜವಾದ ಸಂಖ್ಯೆ ಗೊತ್ತು. ಪತ್ರ ಹೋದ ದಿನವೇ ಗೋಡೆಯ ಮಾತು ಗೋಡೆಗೆ ಮಾತ್ರವೆಂದು ಅವಳು ಕಲಿಯುತ್ತಿದ್ದಳು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರೆಹ, ಒಂದು. ಅದರ ಮಗ್ಗುಲಲ್ಲೇ ನ್ಯಾಸಾಪಹಾರವಿದೆ. ನ್ಯಾಸವಾಗಿಟ್ಟವನು ಮೊತ್ತ ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದುಬಿಡುವುದೇ ನ್ಯಾಸಾಪಹಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇದನ್ನು ಕಳವಿನ ಪಟ್ಟಿಯಲ್ಲಿರಿಸದೆ ಸುಳ್ಳಿನ ಪಟ್ಟಿಯಲ್ಲಿ ಇರಿಸಿದ್ದು ನನ್ನನ್ನು ಯಾವಾಗಲೂ ಚುಚ್ಚಿದೆ. ಅದಕ್ಕೆ ಕಾರಣವುಂಟು.

1974ರಲ್ಲಿ ನನಗೆ ಹದಿನೇಳು ವರ್ಷ. ಸವಣೂರು ಕಡೆಯ ಎಲೆಬಳ್ಳಿ ತೋಟದ ರೈತನೊಬ್ಬನು ಮಗಳ ಮದುವೆಗೆಂದು ನಮ್ಮ ತಂದೆಯವರ ಅಂಗಡಿಯಲ್ಲಿ 340 ರೂಪಾಯಿ ಇಟ್ಟಿದ್ದನು. ಮರಳಿ ಬಂದಾಗ ಅಂಗಡಿಯಲ್ಲಿ ನಾನೊಬ್ಬನೇ. “ಸಾವಕಾರ್ರ ಕಡೆ ನಂದು ಮುನ್ನೂರು ಅದ” ಎಂದನು. ವಹಿಯಲ್ಲಿ 340 ಎಂದು ಕಂಡೂ ನಾನು ಮುನ್ನೂರು ಎಣಿಸಿ ಕೊಟ್ಟೆನು. ರಾತ್ರಿ ಜಮಾ-ಖರ್ಚು ಹೊಂದಿಸುವಾಗ ತಂದೆಯವರಿಗೆ ತಿಳಿಯಿತು. ಬಯ್ಯಲಿಲ್ಲ, ಮರುದಿನ ಮೊದಲ ಬಸ್ಸಿಗೆ ನಲವತ್ತು ರೂಪಾಯಿ ಕೊಟ್ಟು ನನ್ನನ್ನೇ ಕಳಿಸಿದರು. ಆ ರೈತನಿಗೆ ನಾನು ಹೇಳಿದ್ದು “ಎಣಿಕಿ ತಪ್ಪಿತ್ತು” ಎಂದು. ಅದೂ ಸುಳ್ಳೇ. ಅವನು ನನಗೆ ಊಟ ಹಾಕಿಸಿ, ಒಂದು ಕವಳಿ ಎಲೆ ಕಟ್ಟಿಕೊಟ್ಟನು. ಎಣಿಕೆ ತಪ್ಪಿರಲಿಲ್ಲವೆಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಐವತ್ತು ವರ್ಷಗಳ ಮೇಲೆ ಸೋದರಳಿಯನಿಗೆ ಹೇಳಿದೆನು.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಪತ್ರ ತಿದ್ದಿದನು: ನೋಂದಾಯಿತರು 4,200, ಕಳೆದ ಹಂಗಾಮಿನಲ್ಲಿ ಮಾಲು ಕೊಟ್ಟವರು 930. ರುಜು ಹಾಕಿದೆನು.

ಎರಡು ತಿಂಗಳು ಉತ್ತರವಿರಲಿಲ್ಲ. ಕೊನೆಗೆ ಕೇಳಿದ್ದರ ಮೂರನೆಯ ಒಂದು ಪಾಲು ಹಣ ಬಂದಿತು. ಸವಣೂರಿನ ಗೋದಾಮು ಕೈಬಿಟ್ಟುಹೋಯಿತು. ಇಬ್ಬರು ಹುಡುಗರು ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹುಡುಕಿಕೊಂಡರು. “ನಿನ್ನ ಸಲುವಾಗಿ ನನ್ನ ಮಗ ಹಿಂದ ಬಿದ್ದ” ಎಂದು ತಂಗಿ ಈಗಲೂ ಅನ್ನುತ್ತಾಳೆ. ಅವಳ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. ನನ್ನ ಆರು ಲಕ್ಷದಲ್ಲಿ ಒಂದು ರೂಪಾಯಿಯೂ ಇನ್ನೂ ಮರಳಿಲ್ಲ.

ಸೋದರಳಿಯನೂ ಕೆಲವು ವಾರ ನಮ್ಮ ಮನೆಯ ಕಡೆಗೆ ಸುಳಿಯಲಿಲ್ಲ. ಮೊನ್ನೆ ಫೋನು ಮಾಡಿದನು. ಹಿರೇಕೆರೂರಿನ ದಪ್ತರದಲ್ಲಿ ಹನ್ನೊಂದು ಕ್ವಿಂಟಲ್ ಹೊಂದುತ್ತಿಲ್ಲವಂತೆ. ಆ ಹುಡುಗಿಯೇ ಕಂಡು ತಿಳಿಸಿದಳಂತೆ. “ಮಾಮಾ, ನೀವೊಮ್ಮೆ ಬಂದು ನೋಡ್ರಿ” ಎಂದನು. ನಾಳೆ ಬೆಳಗಿನ ಬಸ್ಸಿಗೆ ಹೊರಡುವವನಿದ್ದೇನೆ.