ಸ್ತ್ರೀಯರು ಆಳಿದ ಒಂದು ಪಟ್ಟಣ

ಜರ್ಮನಿಯಲ್ಲಿ ಹಾರ್ಟ್ಸ್ ಬೆಟ್ಟಗಳ ಉತ್ತರಕ್ಕೆ, ಬೋಡೆ ನದಿಯ ದಡದಲ್ಲಿ, ಕ್ವೆಡ್ಲಿನ್‌ಬುರ್ಗ್ ಎಂಬ ಸಣ್ಣ ಪಟ್ಟಣವಿರುವುದು. ನಾವು ಅಲ್ಲಿಗೆ ಹೋದುದು ಮರದ ಮನೆಗಳನ್ನು ನೋಡಬೇಕೆಂದು. ತೊಲೆ ಕಂಬಗಳ ಚೌಕಟ್ಟನ್ನು ಹೂಡಿ, ನಡುವಣ ತೆರಪನ್ನು ಜೇಡಿಮಣ್ಣಿನಿಂದಲೋ ಇಟ್ಟಿಗೆಯಿಂದಲೋ ತುಂಬಿ ಕಟ್ಟಿದ ಇಂತಹ ಮನೆಗಳು ಅಲ್ಲಿ ಸಾವಿರಕ್ಕೂ ಮಿಕ್ಕಿವೆ. ಮೇಲಂತಸ್ತುಗಳು ಬೀದಿಯ ಕಡೆಗೆ ಚಾಚಿ, ನೆರೆಮನೆಯವರ ಮಾತಿಗೆ ಕಿವಿಗೊಟ್ಟಂತೆ ಬಾಗಿ ನಿಂತಿವೆ. ೧೯೯೪ರಲ್ಲಿ ಯುನೆಸ್ಕೋ ಸಂಸ್ಥೆಯು ಇವನ್ನೂ ಬೆಟ್ಟದ ಮೇಲಣ ದೇವಾಲಯವನ್ನೂ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅಲ್ಲಿಯ ಹೆಂಗಸರ ಕಥೆ. ಅರಸನಾದ ಒಂದನೆಯ ಹೈನ್ರಿಖನು ೯೩೬ರಲ್ಲಿ ತೀರಿಕೊಂಡಾಗ ಅವನನ್ನು ಈ ಬೆಟ್ಟದಲ್ಲಿಯೇ ಸಮಾಧಿ ಮಾಡಿದರು. ವಿಧವೆಯಾದ ರಾಣಿ ಮಟಿಲ್ಡೆಯು ಮಗ ಒಟ್ಟೋವಿನ ನೆರವಿನಿಂದ ಅಲ್ಲಿ ಕುಲೀನ ಸ್ತ್ರೀಯರಿಗಾಗಿ ಒಂದು ಮಠವನ್ನು ಸ್ಥಾಪಿಸಿದಳು. ಆ ಮಠದ ಒಡತಿಯರು ಪೂಜೆ ಪ್ರಾರ್ಥನೆಗಳಿಗೆ ಮಾತ್ರ ಒಡತಿಯರಲ್ಲ. ೧೮೦೩ರ ಸುಮಾರಿನವರೆಗೆ ಆ ಸೀಮೆಯೇ ಅವರ ಅಧೀನದಲ್ಲಿದ್ದಿತು. ಹೆಂಗಸರ ಆಳ್ವಿಕೆಯೆಂದರೆ ಮೃದುವಾದುದೆಂದು ವಾಚಕರು ಭಾವಿಸಬಾರದು. ಪಟ್ಟಣಿಗರು ಸ್ವತಂತ್ರರಾಗಹೊರಟಾಗ ಹೆಡ್ವಿಗ್ ಎಂಬ ಒಡತಿಯು ೧೪೭೭ರಲ್ಲಿ ತನ್ನ ಸೋದರರ ದಂಡನ್ನು ಕರೆಸಿ ಅವರನ್ನಡಗಿಸಿದಳು. ಪಟ್ಟಣದ ಸ್ವಾತಂತ್ರ್ಯದ ಕುರುಹಾದ ರೋಲಾಂಡನ ಶಿಲಾವಿಗ್ರಹವೂ ನೆಲಕ್ಕುರುಳಿತು. ಈಗ ಅದು ಪುರಭವನದ ಬಳಿ ಮತ್ತೆ ನಿಂತಿದೆ.

ಇಂತಹ ಊರಿನಲ್ಲಿಯೂ ಒಬ್ಬ ಹೆಣ್ಣುಮಗಳಿಗೆ ವಿದ್ಯೆ ಸುಲಭವಾಗಲಿಲ್ಲ. ೧೭೧೫ರಲ್ಲಿ ಇಲ್ಲಿ ಹುಟ್ಟಿದ ಡೊರೊಥಿಯಾಳಿಗೆ ವೈದ್ಯನಾದ ತಂದೆಯು ಸೋದರನ ಜೊತೆಯಲ್ಲಿಯೇ ಪಾಠ ಹೇಳಿದನು. ವಿಶ್ವವಿದ್ಯಾಲಯದ ಬಾಗಿಲು ಹೆಂಗಸರಿಗೆ ಮುಚ್ಚಿದ್ದಿತು. ೧೭೪೧ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕನು ಆಕೆಗೆ ಹಾಲೆ ನಗರದಲ್ಲಿ ಪದವಿ ಪಡೆಯಲು ಅಪ್ಪಣೆ ಕೊಟ್ಟನು. ಮರುವರ್ಷವೇ ಆಕೆ, ಹೆಂಗಸರನ್ನು ವಿದ್ಯೆಯಿಂದ ತಡೆಯುವ ಕಾರಣಗಳಾವುವೆಂಬುದನ್ನು ವಿಚಾರಿಸಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಅದೇ ವರ್ಷ ಐದು ಮಕ್ಕಳ ತಂದೆಯಾದ ಎರ್ಕ್ಸ್‌ಲೇಬೆನ್ ಎಂಬ ವಿಧುರ ಪಾದ್ರಿಯನ್ನು ಮದುವೆಯಾದಳು. ಮುಂದೆ ತನಗೂ ನಾಲ್ವರು ಮಕ್ಕಳಾದರು. ಪದವಿ ಹಿಂದುಳಿಯಿತು, ಆದರೆ ರೋಗಿಗಳು ಬರುವುದು ನಿಲ್ಲಲಿಲ್ಲ. ಊರಿನ ಮೂವರು ವೈದ್ಯರು ಆಕೆಯನ್ನು ನಕಲಿ ವೈದ್ಯೆಯೆಂದು ದೂರಿದರು. ತೊಟ್ಟಿಲು, ಒಲೆ, ರೋಗಿಗಳ ನಡುವೆ ಆಕೆ ಪ್ರಬಂಧವನ್ನು ಬರೆದು ಮುಗಿಸಿ, ೧೭೫೪ರಲ್ಲಿ ಹಾಲೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿಯೇ ಪರೀಕ್ಷೆ ಕೊಟ್ಟು, ಜರ್ಮನಿಯಲ್ಲಿ ವೈದ್ಯ ಡಾಕ್ಟರೇಟ್ ಪಡೆದ ಮೊದಲನೆಯ ಸ್ತ್ರೀಯಾದಳು.

ಆ ಬಳಿಕ ಊರಿಗೆ ಮರಳಿ, ೧೭೬೨ರಲ್ಲಿ ಕೊನೆಯುಸಿರೆಳೆಯುವವರೆಗೂ ರೋಗಿಗಳನ್ನು ನೋಡಿಕೊಂಡಳು. ಪ್ರಷ್ಯದ ವಿಶ್ವವಿದ್ಯಾಲಯಗಳು ಸ್ತ್ರೀಯರನ್ನು ಪೂರ್ಣಹಕ್ಕಿನಿಂದ ಸೇರಿಸಿಕೊಂಡುದು ೧೯೦೮ರಲ್ಲಿ.